ನೂರು ಸಿಸಿ ಗಾಡಿ ಮತ್ತು ಎರೆಹೊಲದ ದಾರಿ

ಸೋಯಾಬೀನ್ ರಾಶಿ ಮುಗಿದು ಅಡತಿಯ ರೊಕ್ಕ ಕೈಗೆ ಬರುವುದು ದಸರೆ, ದೀಪಾವಳಿಯ ಹೊತ್ತಿಗೆ. ನಿಲಂಗಾ, ಉಮರ್ಗಾ, ಉದಗೀರದ ಶೋರೂಮುಗಳಲ್ಲಿ ಜನ ತುಂಬುವುದೂ ಆಗಲೇ. ಪಾಡ್ಯದ ದಿನ ಪೂಜೆ ಮಾಡಿಸಿ, ಹಾರ ಹಾಕಿಸಿ ಮನೆಗೆ ತರುವ ಮೊದಲ ಗಾಡಿ ಬಹುಮಟ್ಟಿಗೆ ನೂರು ಸಿಸಿ ಆಸುಪಾಸಿನದೇ: ಸ್ಪ್ಲೆಂಡರ್, ಎಚ್‌ಎಫ್ ಡಿಲಕ್ಸ್, ಶೈನ್ 100, ಪ್ಲಾಟಿನಾ, ಟಿವಿಎಸ್ ಸ್ಪೋರ್ಟ್. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಾಗಾಗಿ ‘ಈ ಸಲ ತಗೊಂಡೇಬಿಡೋಣ’ ಎನ್ನುವವರಿಗೆ ಇನ್ನೊಂದು ನೆಪವೂ ಸಿಕ್ಕಿದೆ.

ಕಲಿಯುವವರಿಗೆ ಈ ಗಾಡಿಗಳಿಗಿಂತ ಒಳ್ಳೆಯವು ಸಿಗಲಾರವು ಎಂಬುದು ನನ್ನ ಖಚಿತ ಅಭಿಪ್ರಾಯ. ಶೈನ್ 100ರ ತೂಕ 99 ಕಿಲೋ, ಸ್ಪ್ಲೆಂಡರ್ ಪ್ಲಸ್‌ನದು 112 ಕಿಲೋ. ಬಿದ್ದರೆ ಒಬ್ಬರೇ ಎತ್ತಿ ನಿಲ್ಲಿಸಬಹುದು. ಸೀಟು ತಗ್ಗು, ಕ್ಲಚ್ ಹಗುರ, ನಿಧಾನಕ್ಕೆ ಹೊಡೆದರೆ ಲೀಟರಿಗೆ 60 ಕಿ.ಮೀ. ಮೇಲೆ ಅವರೇಜ್. ಸ್ಪ್ಲೆಂಡರ್ ಬಂದದ್ದು 1994ರಲ್ಲಿ. ಅದರ ಬಿಡಿಭಾಗ ಸಿಗದ ಊರಿಲ್ಲ, ಬಿಚ್ಚಿ ಜೋಡಿಸಲು ಬಾರದ ಮಿಸ್ತ್ರಿಯೂ ಇಲ್ಲ.

ಇಷ್ಟನ್ನು ಶೋರೂಮಿನವರೇ ಹೇಳುತ್ತಾರೆ. ಅವರು ಹೇಳದೆ ಬಿಡುವ ಕೆಲವು ಸಣ್ಣ ತೊಂದರೆಗಳಿವೆ. ಗಾಡಿ ಬೇಡವೆನ್ನುವಷ್ಟು ದೊಡ್ಡವು ಅವುಗಳಲ್ಲಿ ಒಂದೂ ಇಲ್ಲ. ಆದರೆ ಈ ಗಾಡಿಗಳನ್ನು ಕಟ್ಟಿರುವುದು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಪೇಟೆಗೆ ಡಾಂಬರಿನ ಮೇಲೆ ಓಡಾಡುವುದಕ್ಕೆ. ನಮ್ಮ ಕಡೆ ಅದೇ ಗಾಡಿ ಬೆಳಿಗ್ಗೆ ಹಾಲಿನ ಕ್ಯಾನ್ ಹೊರುತ್ತದೆ, ಮಧ್ಯಾಹ್ನ ಹೊಲಕ್ಕೆ ಗೊಬ್ಬರ ಒಯ್ಯುತ್ತದೆ, ಸಂಜೆ ಡಬಲ್ ಸೀಟಿನಲ್ಲಿ ಲಾತೂರಿನ ದವಾಖಾನೆಗೆ ಹೋಗುತ್ತದೆ, ಲಗ್ನದ ದಿನ ಗಡಿ ದಾಟಿ ಭಾಲ್ಕಿಗೋ ಬಸವಕಲ್ಯಾಣಕ್ಕೋ ಮುಟ್ಟುತ್ತದೆ. ಸಣ್ಣ ತೊಂದರೆಗಳು ಕಣ್ಣಿಗೆ ಬೀಳುವುದು ಈ ಕೆಲಸಗಳ ನಡುವೆ.

ಮಿರಗದ ಮಳೆ ಬಿದ್ದ ಮೇಲೆ

ಎಲ್ಲಕ್ಕಿಂತ ಮೊದಲು ಎರೆಮಣ್ಣಿನ ಮಾತು. ಕಂಪನಿಯ ಕರಪತ್ರದಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ನಮಗೆ ಮಾತ್ರ ಇದು ಪ್ರತಿ ವರ್ಷದ ಗೋಳು. ಎರೆಮಣ್ಣಿನ ಜಿಗುಟು ನೀರು ಕುಡಿದು ಉಬ್ಬುವ ಗುಣದ್ದು. ಮಳೆ ನಿಂತು ಒಂದೆರಡು ತಾಸಾದಾಗ ಮಣ್ಣು ತೀರ ತೆಳ್ಳಗೂ ಇರುವುದಿಲ್ಲ, ಒಣಗಿಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಹೊಲದ ದಾರಿಗೆ ಗಾಡಿ ಇಳಿಸಿದರೆ ಮುಂದಿನ ಗಾಲಿ ಮಣ್ಣನ್ನು ಸುತ್ತಿಕೊಳ್ಳುತ್ತ ಹೋಗುತ್ತದೆ. ಸುತ್ತಿದ ಮಣ್ಣು ಮಡ್‌ಗಾರ್ಡ್ ಒಳಗೆ ಸೇರುತ್ತದೆ. ಅಲ್ಲಿ ಬೆರಳು ತೂರುವಷ್ಟೇ ಸಂದು. ಹತ್ತಿಪ್ಪತ್ತು ಮಾರು ಹೋಗುವಷ್ಟರಲ್ಲಿ ಆ ಸಂದು ಗಿಡಿದು ಗಾಲಿ ತಿರುಗುವುದೇ ನಿಲ್ಲುತ್ತದೆ. ಹಿಂದಿನ ಗಾಲಿ ಇದ್ದಲ್ಲೇ ಗಿರಗಿರ ತಿರುಗಿ ಇನ್ನೂ ಆಳಕ್ಕೆ ಇಳಿಯುತ್ತದೆ.

ಹೊಸಬರು ಇಲ್ಲಿ ಮಾಡುವುದು ಒಂದೇ: ಮೊದಲ ಗೇರ್ ಹಾಕಿ, ಹಾಫ್ ಕ್ಲಚ್‌ನಲ್ಲಿ ಎಕ್ಸಲೇಟರ್ ತಿರುಗಿಸುವುದು. ಐದಾರು ನಿಮಿಷದಲ್ಲಿ ಸುಟ್ಟ ವಾಸನೆ ಬರುತ್ತದೆ. ಅದು ಕ್ಲಚ್ ಪ್ಲೇಟಿನದು. ಮಳೆಗಾಲದ ಒಂದು ಸಂಜೆ ಗ್ಯಾರೇಜಿನ ಮುಂದೆ ನಿಂತು ನೋಡಿದರೆ ಸಾಕು, ಸಾಲಾಗಿ ಇಂಥವೇ ಬರುತ್ತಿರುತ್ತವೆ. ‘ಇಂಜನ್‌ದಾಗ ಏನೂ ಇಲ್ರಿ ಕಾಕಾ, ಪ್ಲೇಟ್ ಸುಟ್ಟಾವ. ಸಿಕ್ಕೊಂಡಾಗ ಇಳದು ಮಣ್ಣ ತಗೀಬೇಕು, ರೇಸ್ ಕೊಡಬಾರ್ದು’ ಎಂದು ಮಿಸ್ತ್ರಿ ಹೇಳುವುದರಲ್ಲೇ ಇಡೀ ಪಾಠವಿದೆ. ಡಿಕ್ಕಿಯಲ್ಲೋ ಸೈಡ್ ಚೀಲದಲ್ಲೋ ಒಂದು ಖುರ್ಪಿ ಇಟ್ಟುಕೊಳ್ಳಿ. ಗಾಡಿ ಬಂದ್ ಮಾಡಿ, ಇಳಿದು, ಮಡ್‌ಗಾರ್ಡ್ ಸಂದಿನ ಮಣ್ಣು ಕೆರೆದು ತೆಗೆದು, ಕೈಯಿಂದ ನೂಕಿಕೊಂಡು ಗಟ್ಟಿ ನೆಲಕ್ಕೆ ಬನ್ನಿ.

ಕೆಲವರು ಜೂನ್ ಬಂದ ಕೂಡಲೆ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯಲ್ಲಿಡುತ್ತಾರೆ. ಹೊಲದಲ್ಲಿ ಅನುಕೂಲವೇನೋ ಹೌದು. ಆದರೆ ಡಾಂಬರಿಗೆ ಬಂದ ಮೇಲೆ ಗಾಲಿಯ ಕೆಸರು ನೇರ ಮುಖಕ್ಕೆ, ಇಂಜಿನ್ನಿನ ರೆಕ್ಕೆಗಳಿಗೆ ಹಾರುತ್ತದೆ. ಈ ಇಂಜಿನ್ನುಗಳನ್ನು ತಂಪಿಡುವುದು ಗಾಳಿ ಮಾತ್ರ. ರೆಕ್ಕೆಗಳ ನಡುವೆ ಎರೆಮಣ್ಣು ಒಣಗಿ ಗಟ್ಟಿಯಾದರೆ ಗಾಳಿಯಾಡದೆ ಇಂಜಿನ್ ಕಾಯುತ್ತದೆ. ನನ್ನ ಸಲಹೆ ಇನ್ನೂ ಸರಳ: ಮಳೆ ಬಿದ್ದ ದಿನ ಗಾಡಿಯನ್ನು ಡಾಂಬರಿನ ಅಂಚಿಗೇ ನಿಲ್ಲಿಸಿ ಹೊಲಕ್ಕೆ ನಡೆದುಹೋಗಿ. ಸ್ಟ್ಯಾಂಡ್ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಲು ಮರೆಯಬೇಡಿ, ಹಸಿ ಎರೆಯಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗಿ ಗಾಡಿ ಮಗುಚುತ್ತದೆ.

ಕೆಸರಿನ ಗಾಡಿಯನ್ನು ಅಂದೇ ತೊಳೆಯಬೇಕು. ಮರುದಿನಕ್ಕೆ ಆ ಮಣ್ಣು ಉಳಿಯಿಂದ ಕೆತ್ತಬೇಕಾದಷ್ಟು ಗಟ್ಟಿಯಾಗಿರುತ್ತದೆ. ವಾಷಿಂಗ್ ಸೆಂಟರಿನ ಜೋರು ನೀರನ್ನು ಗಾಲಿಯ ನಡುಭಾಗಕ್ಕೆ, ಏರ್ ಫಿಲ್ಟರ್ ಕಡೆಗೆ, ಕೀ ಹಾಕುವ ಜಾಗಕ್ಕೆ ನೇರವಾಗಿ ಹೊಡೆಸಬೇಡಿ. ಬೇರಿಂಗಿನ ಗ್ರೀಸ್ ತೊಳೆದುಹೋಗುತ್ತದೆ. ಚೈನ್ ಕವರ್ ಪೂರ್ತಿ ಮುಚ್ಚಿರುವ ಗಾಡಿಗಳಲ್ಲಿ ಇನ್ನೊಂದು ತೊಂದರೆಯಿದೆ. ಒಳಗೆ ಮಣ್ಣು ಹೋದದ್ದು ಹೊರಗೆ ಕಾಣುವುದಿಲ್ಲ. ಕವರಿನ ಕೆಳಭಾಗದ ರಬ್ಬರ್ ಮುಚ್ಚಳ ತೆಗೆದು ಬೆರಳಿನಿಂದ ಚೈನ್ ಮೇಲೆ–ಕೆಳಗೆ ಆಡಿಸಿ ನೋಡಿ, ಎರಡೂವರೆ ಸೆಂಟಿಮೀಟರಿನಷ್ಟು ಸಡಿಲ ಸರಿ. ಅದಕ್ಕಿಂತ ಹೆಚ್ಚಾದರೆ ಬಿಗಿಸಬೇಕು, ಮಣ್ಣು ಸಿಕ್ಕಿದ್ದರೆ ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದ ಒರೆಸಿ ಆಮೇಲೆ ಆಯಿಲ್ ಬಿಡಬೇಕು. ಮಣ್ಣಿನ ಮೇಲೇ ಆಯಿಲ್ ಬಿಟ್ಟರೆ ಅದು ಅರದ ಕೆಲಸ ಮಾಡಿ ಸ್ಪ್ರಾಕೆಟ್ ಹಲ್ಲುಗಳನ್ನು ತಿನ್ನುತ್ತದೆ.

ಬೇಸಿಗೆಯಲ್ಲಿ ಇದೇ ಮಣ್ಣು ಧೂಳಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಲದ ದಾರಿ ಓಡಾಡುವವರು ಸರ್ವಿಸ್ ಪುಸ್ತಕ ಹೇಳಿದ ಗಡುವಿಗೆ ಕಾಯದೆ ಏರ್ ಫಿಲ್ಟರ್ ಮೊದಲೇ ನೋಡಿಸಬೇಕು. ಅವರೇಜ್ ಇದ್ದಕ್ಕಿದ್ದಂತೆ ಇಳಿದರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಎಂಟು ಹಾರ್ಸ್‌ಪವರಿನ ಲೆಕ್ಕ

ನೂರು ಸಿಸಿ ಗಾಡಿಯ ಬಲ ಸುಮಾರು ಎಂಟು ಹಾರ್ಸ್‌ಪವರ್. ಊರೊಳಗೆ ಇದು ಕಡಿಮೆ ಎನಿಸುವುದೇ ಇಲ್ಲ. ನಿಲಂಗಾದಿಂದ ಲಾತೂರಿಗೆ ಸುಮಾರು 50 ಕಿ.ಮೀ., ಉಮರ್ಗಾದಿಂದ ಸೊಲ್ಲಾಪುರಕ್ಕೆ ನೂರರ ಹತ್ತಿರ. ಇಂಥ ದಾರಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರಟಾಗ ಗೊತ್ತಾಗುತ್ತದೆ. 60 ದಾಟಿದ ಮೇಲೆ ಹ್ಯಾಂಡಲ್ ನಡುಗಲು ಶುರು, ಅರ್ಧ ದಾರಿಗೆ ಅಂಗೈ ಜೋಮು ಹಿಡಿಯುತ್ತದೆ, ತೆಳ್ಳನೆಯ ಸೀಟಿನ ಮೇಲೆ ಸೊಂಟ ಹಿಡಿದುಕೊಳ್ಳುತ್ತದೆ. ಅರ್ಧ ತಾಸಿಗೊಮ್ಮೆ ಇಳಿದು ಐದು ನಿಮಿಷ ನಿಲ್ಲುವುದೊಂದೇ ಇದಕ್ಕೆ ಔಷಧ.

ನಿಜವಾದ ಅಪಾಯ ಓವರ್‌ಟೇಕ್ ಮಾಡುವಾಗ. ಎರಡು ಲೇನಿನ ರಸ್ತೆಯಲ್ಲಿ ಒಂದು ಲಾರಿ 50ರ ವೇಗದಲ್ಲಿ ಹೋಗುತ್ತಿದೆ, ನೀವು 60ರಲ್ಲಿದ್ದೀರಿ ಎಂದುಕೊಳ್ಳಿ. ನಿಮಗೂ ಲಾರಿಗೂ ವ್ಯತ್ಯಾಸ ತಾಸಿಗೆ ಹತ್ತೇ ಕಿಲೋಮೀಟರು, ಅಂದರೆ ಸೆಕೆಂಡಿಗೆ ಮೂರು ಮೀಟರಿಗಿಂತ ಕಡಿಮೆ. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ ನಲವತ್ತು ಮೀಟರ್ ಹಿಂದಿಕ್ಕಲು ಹದಿನೈದು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೀವು 250 ಮೀಟರ್ ಹೋಗಿರುತ್ತೀರಿ, ಎದುರಿನಿಂದ 80ರ ವೇಗದಲ್ಲಿ ಬರುವ ಕಾರು 330 ಮೀಟರ್ ಹತ್ತಿರ ಬಂದಿರುತ್ತದೆ. ಅರ್ಧ ಕಿಲೋಮೀಟರಿಗಿಂತ ಹೆಚ್ಚು ರಸ್ತೆ ಖಾಲಿ ಕಾಣದಿದ್ದರೆ ಹಿಂದೆಯೇ ಇರಬೇಕು. ದೊಡ್ಡ ಗಾಡಿಯವರು ಎಕ್ಸಲೇಟರ್ ತಿರುಗಿಸಿ ಮುಂದೆ ಸಾಗಿದ್ದನ್ನು ನೋಡಿ ಅವರ ಬೆನ್ನು ಹತ್ತಬೇಡಿ. ನಿಮ್ಮ ಗಾಡಿಯಲ್ಲಿ ಆ ಮಿಕ್ಕ ಬಲ ಇಲ್ಲ.

ಉಮರ್ಗಾ ಮೇಲೆ ಹಾಯುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಎದುರಿನ ಗಾಡಿಯ ಭಯ ಅಷ್ಟಿಲ್ಲ, ಪಕ್ಕದಲ್ಲಿ ಸುಂಯ್ ಎಂದು ಹೋಗುವ ಟ್ರಕ್ಕುಗಳ ಗಾಳಿಯದೇ ಚಿಂತೆ. ನೂರು ಕಿಲೋ ಗಾಡಿ ಆ ಗಾಳಿಗೆ ಅಳ್ಳಾಡುತ್ತದೆ. ಎಡ ಅಂಚಿನಲ್ಲಿರಿ, ಟ್ರಕ್ ಹಾಯುವಾಗ ಹ್ಯಾಂಡಲ್ ಬಿಗಿಯಾಗಿ ಹಿಡಿಯದೆ ಮೊಣಕೈ ಸಡಿಲ ಬಿಟ್ಟು ಟ್ಯಾಂಕನ್ನು ಮೊಣಕಾಲಿನಿಂದ ಒತ್ತಿಕೊಳ್ಳಿ. ಇನ್ನು ಡಿವೈಡರ್ ಸಂದು ದೂರ ಇದೆಯೆಂದು ರಾಂಗ್ ಸೈಡಿನಲ್ಲಿ ಬರುವ ಚಾಳಿಯಂತೂ ಯಾವ ಗಾಡಿಯಲ್ಲೂ ಕ್ಷಮೆಗೆ ಅರ್ಹವಲ್ಲ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಪ್ರಯಾಣ ಆದಷ್ಟು ಬಿಡಿ. ಹಿಂದೆ ದೀಪವಿಲ್ಲದ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆಯಲ್ಲೇ ನಿಂತಿರುತ್ತವೆ. ಈ ಗಾಡಿಗಳ ಬಹಳಷ್ಟು ಮಾದರಿಗಳಲ್ಲಿ ಇರುವುದು ಸಣ್ಣ ಹ್ಯಾಲೊಜನ್ ದೀಪ. ಅದರ ಬೆಳಕಿನಲ್ಲಿ ಮೂವತ್ತು–ನಲವತ್ತು ಮೀಟರ್ ಮುಂದಿನದು ಕಂಡರೆ ಹೆಚ್ಚು. 60ರ ವೇಗದಲ್ಲಿ, ಕಂಡು ಬ್ರೇಕ್ ಹಾಕಿ ಗಾಡಿ ನಿಲ್ಲುವಷ್ಟರಲ್ಲಿ ನಲವತ್ತು ಮೀಟರ್ ದಾಟಿರುತ್ತದೆ. 45ರಲ್ಲಿ ಮೂವತ್ತರ ಒಳಗೇ ನಿಲ್ಲಬಹುದು. ರಾತ್ರಿ 45 ಮೀರಬೇಡಿ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಬ್ರೇಕಿನದೂ ಇದೇ ಜಾಡು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಎರಡೂ ಬ್ರೇಕ್ ಕೂಡಿಸುವ ಸಿಬಿಎಸ್ ಅಥವಾ ಎಬಿಎಸ್ ಕಡ್ಡಾಯವಾಗಿದೆ. ಕಾಲಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಹಾಗೆಂದು ಕೈಬ್ರೇಕ್ ಮರೆತೇ ಬಿಡುವವರು ತುಂಬ ಇದ್ದಾರೆ. ಪೂರ್ತಿ ನಿಲ್ಲಲು ಎರಡೂ ಬೇಕು. ಡ್ರಮ್ ಬ್ರೇಕಿಗೆ ನೀರು ಆಗದು. ತೇರಣಾ, ಮಾಂಜರಾ ಕಡೆಯ ತಗ್ಗು ಸೇತುವೆಯ ಮೇಲೆ ನೀರು ಹಾಯುತ್ತಿದ್ದಾಗ ದಾಟಿ ಬಂದರೆ ಮುಂದಿನ ಒಂದೆರಡು ಫರ್ಲಾಂಗು ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗಿ, ಲೈನರ್ ಒಣಗುತ್ತದೆ. ನೀರಿನ ಅಡಿಯ ರಸ್ತೆ ಕಾಣದಿದ್ದರೆ ದಾಟಲೇಬೇಡಿ.

ಹಿಂದಿನ ಸೀಟು, ಹಿಂದಿನ ಭಾರ

ಯೂರಿಯಾ ಚೀಲ 45 ಕಿಲೋ, ಡಿಎಪಿ 50. ಒಂದು ಚೀಲ ಟ್ಯಾಂಕಿನ ಮೇಲೆ ಅಡ್ಡ, ಹಿಂದೆ ಒಬ್ಬ ಆಳು, ನಡುವೆ ಹೊಡೆಯುವವ: ಇದು ದಿನಾ ಕಾಣುವ ನೋಟ. ಟ್ಯಾಂಕಿನ ಮೇಲಿನ ಚೀಲ ಹ್ಯಾಂಡಲ್ ಪೂರ್ತಿ ತಿರುಗಲು ಬಿಡುವುದಿಲ್ಲ, ತಿರುವಿನಲ್ಲಿ ಗಾಡಿ ನೆಟ್ಟಗೆ ಹೋಗಿಬಿಡುತ್ತದೆ. ಚೀಲವಿದ್ದರೆ ಅದು ಹಿಂದಿನ ಸೀಟಿನ ಮೇಲೇ ಇರಲಿ, ರಬ್ಬರ್ ಹಗ್ಗದಿಂದ ಕಟ್ಟಿರಲಿ, ಆಳು ಇನ್ನೊಂದು ಸುತ್ತಿಗೆ ಬರಲಿ. ಡಬಲ್ ಸೀಟಿಗೆ ಹಿಂದಿನ ಗಾಲಿಯ ಗಾಳಿ ಹೆಚ್ಚು ಬೇಕು. ಎಷ್ಟು ಎಂಬುದು ಗಾಡಿಯ ಮೇಲಿನ ಸ್ಟಿಕರಿನಲ್ಲೋ ಮ್ಯಾನುಯಲ್‌ನಲ್ಲೋ ಬರೆದಿರುತ್ತದೆ. ಪಂಚರ್ ಅಂಗಡಿಯವರು ಅಂದಾಜಿನಲ್ಲಿ ಹಾಕುವುದನ್ನು ನಂಬದೆ ಮೀಟರ್ ನೋಡಿ ಹಾಕಿಸಿ.

ತ್ರಿಬಲ್ ಸೀಟು ಮೋಟಾರು ವಾಹನ ಕಾಯ್ದೆಯ 128ನೇ ಕಲಮಿನ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಮಾತೆಂದರೆ, ಇಷ್ಟು ಸಣ್ಣ ಬ್ರೇಕು ಅಷ್ಟು ಭಾರ ನಿಲ್ಲಿಸಲಾರದು. ಹಿಂದಿನ ಗಾಲಿಗಿರುವ ಸೀರೆ ಗಾರ್ಡನ್ನು ಚಂದ ಕಾಣುವುದಿಲ್ಲವೆಂದು ಹುಡುಗರು ಬಿಚ್ಚಿಡುತ್ತಾರೆ. ಅದೇ ಗಾಡಿಯ ಮೇಲೆ ತಾಯಿ, ಅತ್ತಿಗೆ, ಅಕ್ಕ ಒಂದೇ ಬದಿಗೆ ಕಾಲು ಬಿಟ್ಟು ಕೂರುತ್ತಾರೆ. ಸೆರಗು ಗಾಲಿಗೆ ಸಿಕ್ಕರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ ಗಾರ್ಡ್ ಇರಲೇಬೇಕು. ಹಿಂದೆ ಕೂರುವವರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ ಇರಲಿ.

ಕಿಕ್ ಹೊಡೆದರೂ ಏಳದ ಗಾಡಿ

2020ರ ಏಪ್ರಿಲ್‌ನಲ್ಲಿ ಬಿಎಸ್–6 ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಅಪ್ಪನ ಕಾಲದ ಗಾಡಿಯಲ್ಲಿ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದು ಹೋಗಬಹುದಿತ್ತು. ಈಗ ಬ್ಯಾಟರಿ ಪೂರ್ತಿ ಇಳಿದರೆ ಗಾಡಿಯೊಳಗಿನ ಪೆಟ್ರೋಲ್ ಪಂಪಿಗೇ ಕರೆಂಟ್ ಇರುವುದಿಲ್ಲ, ಕಿಕ್ ಎಷ್ಟು ಹೊಡೆದರೂ ಗಾಡಿ ಏಳದೆ ಹೋಗಬಹುದು. ಸೆಲ್ಫ್ ಹೊಡೆದಾಗ ಸದ್ದು ಎಳೆದೆಳೆದು ಬರತೊಡಗಿದರೆ ಆ ವಾರವೇ ಬ್ಯಾಟರಿ ತೋರಿಸಿ. ಹದಿನೈದು ದಿನ ಊರಿಗೆ ಹೋಗುವುದಿದ್ದರೆ ಮನೆಯಲ್ಲಿ ಯಾರಾದರೂ ಮಧ್ಯೆ ಒಮ್ಮೆ ಗಾಡಿ ಓಡಿಸಿ ಇಡಲಿ.

ಇಂಜೆಕ್ಷನ್ ಗಾಡಿಯಲ್ಲಿ ರಿಸರ್ವ್ ತಿರುಪೂ ಇಲ್ಲ. ಮುಳ್ಳು ಕೆಂಪಿಗೆ ಬಂದರೆ ಎಣಿಸುತ್ತ ಕೂರದೆ ಹಾಕಿಸಬೇಕು. ಪಂಪು ತಂಪಾಗಿರುವುದೇ ಪೆಟ್ರೋಲಿನಿಂದ. ಕಿರಾಣಿ ಅಂಗಡಿಯ ಬಾಟಲಿ ಪೆಟ್ರೋಲ್ ಈ ಗಾಡಿಗಳ ಶತ್ರು, ಅದರೊಳಗಿನ ಕಸ ಇಂಜೆಕ್ಟರಿನಲ್ಲಿ ಕೂರುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನ ಕಸುವು ಪೆಟ್ರೋಲಿಗಿಂತ ಕಡಿಮೆ, ಹಾಗಾಗಿ ಅವರೇಜ್ ತುಸು ಇಳಿಯುತ್ತದೆ. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಳಿದ್ದರೆ ಬದಲಿಸಿ. ಹಳೆಯ ಗಾಡಿ ಕೊಂಡವರು ಪೆಟ್ರೋಲ್ ಪೈಪು ಗಟ್ಟಿಯಾಗಿದೆಯೇ, ಬಿರುಕು ಬಿಟ್ಟಿದೆಯೇ ನೋಡಿಸಿ. ಕರ್ನಾಟಕದ ಬಂಕಿನಲ್ಲಿ ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ ಎಂದು ಗಡಿ ದಾಟಿ ಹಾಕಿಸುವವರೂ ಉಂಟು. ಹೇಗೂ ಆ ಕಡೆ ಕೆಲಸವಿದ್ದರೆ ಸರಿ, ಅದಕ್ಕೆಂದೇ ಹೋದರೆ ಹತ್ತು ಲೀಟರಿನ ಟ್ಯಾಂಕಿನಲ್ಲಿ ಉಳಿದದ್ದು ದಾರಿಖರ್ಚಿಗೇ ಸರಿಹೋಗುತ್ತದೆ.

ಎರಡು ರಾಜ್ಯ, ಒಂದು ನಂಬರ್ ಪ್ಲೇಟು

ನೆಂಟಸ್ತಿಕೆ ಬೀದರ ಜಿಲ್ಲೆಯಲ್ಲಿ, ಮನೆ ಲಾತೂರ ಅಥವಾ ಧಾರಾಶಿವ ಜಿಲ್ಲೆಯಲ್ಲಿ: ನಮ್ಮಲ್ಲಿ ಬಹಳ ಮನೆಗಳ ಸಂಸಾರ ಹೀಗೇ. ಒಂದು ದಿನದ ಓಡಾಟಕ್ಕೆ ಎಂಎಚ್–24 ಅಥವಾ ಎಂಎಚ್–25 ಗಾಡಿ ಆ ಕಡೆ ಹೋದರೆ ಏನೂ ಅಡ್ಡಿಯಿಲ್ಲ. ಡಿಜಿಲಾಕರಿನಲ್ಲಿರುವ ಲೈಸೆನ್ಸು, ಆರ್‌ಸಿ ಎರಡೂ ಕಡೆ ನಡೆಯುತ್ತವೆ. ತೊಡಕು ಬರುವುದು ಗಾಡಿ ಅಲ್ಲಿಯೇ ಉಳಿದಾಗ. ಮಗಳು ಬೀದರದಲ್ಲಿ ಓದುತ್ತಾಳೆ, ಮಗ ಕಲಬುರಗಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಗಾಡಿ ಕಳಿಸಿಕೊಟ್ಟರೆ, 12 ತಿಂಗಳು ಮೀರಿದ ಮೇಲೆ ಆ ರಾಜ್ಯದ ನಂಬರ್ ತೆಗೆದುಕೊಳ್ಳಬೇಕೆಂದು ಕಾಯ್ದೆಯ 47ನೇ ಕಲಮು ಹೇಳುತ್ತದೆ. ಅದಕ್ಕೆ ಮೊದಲ ಆರ್‌ಟಿಒದಿಂದ ಎನ್‌ಒಸಿ ಬೇಕು, ಅಲ್ಲಿ ತೆರಿಗೆ ಮತ್ತೆ ಕಟ್ಟಬೇಕು, ಇಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ಬೇರೆ ಅರ್ಜಿ ಹಾಕಿ ಕೇಳಬೇಕು.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಈ ತೊಡಕು ಹೆಚ್ಚು. ಕೆಎ–38, 39, 56ರ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಬರೀ ಆರ್‌ಸಿ ಕೈಗೆ ತೆಗೆದುಕೊಂಡು ಬರುವವರು ಎಷ್ಟೋ. ಗಾಡಿ ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲೇ ಇರುತ್ತದೆ. ಅಪಘಾತವಾದಾಗ ಪರಿಹಾರದ ಮಾತು ಬಂದರೆ ಎರಡು ಮನೆಗಳ ನಡುವೆ ನೆಂಟಸ್ತಿಕೆಯೇ ಕೆಡುತ್ತದೆ. ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ರೊಕ್ಕ ಕೊಡಬೇಡಿ, ಮಾವನ ಮನೆಯವರೇ ಆದರೂ.

ಹೊಸ ಗಾಡಿಗೆ 2018ರ ಸೆಪ್ಟೆಂಬರ್‌ನಿಂದ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಐದು ವರ್ಷ ಎಲ್ಲಕ್ಕೂ ವಿಮೆಯಿದೆ ಎಂದು ನಂಬಿದವರು ಬಹಳ. ಥರ್ಡ್ ಪಾರ್ಟಿ ಎಂದರೆ ಎದುರಿನವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿ ಕಳುವಾದರೆ, ಮುರಿದರೆ ಬೇರೆ ವಿಮೆ ಬೇಕು, ಅದರ ಅವಧಿ ಬೇರೆ. ಎಲ್ಲರ ಬಳಿ ಒಂದೇ ಬಣ್ಣದ, ಒಂದೇ ಮಾದರಿಯ ಗಾಡಿ ಇರುವುದರಿಂದ ಬಸ್ ಸ್ಟ್ಯಾಂಡ್, ಸಂತೆ, ಜಾತ್ರೆಗಳಲ್ಲಿ ಕಳ್ಳರಿಗೆ ಅನುಕೂಲ. ಕದ್ದದ್ದರ ಬಿಡಿಭಾಗಗಳೂ ಸುಲಭವಾಗಿ ಖರ್ಚಾಗುತ್ತವೆ. ಹ್ಯಾಂಡಲ್ ಲಾಕಿನ ಜೊತೆ ಗಾಲಿಗೊಂದು ಚೈನ್ ಬೀಗ ಹಾಕಿ.

ಗಾಡಿ ಹಗುರ ಎಂಬುದೇ ಇನ್ನೊಂದು ಕೆಟ್ಟ ಧೈರ್ಯ ಕೊಡುತ್ತದೆ. ಹತ್ತನೆಯ, ಹನ್ನೊಂದನೆಯ ತರಗತಿಯ ಹುಡುಗರ ಕೈಗೆ ಕೀ ಸಿಗುತ್ತದೆ. ಗೇರಿನ ಗಾಡಿಗೆ 18 ತುಂಬಿರಲೇಬೇಕು. ತುಂಬದವರು ಹೊಡೆದು ಸಿಕ್ಕರೆ 199–ಎ ಕಲಮಿನಲ್ಲಿ ತಂದೆಗೋ ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆರ್‌ಸಿ ಹನ್ನೆರಡು ತಿಂಗಳು ರದ್ದಾಗುತ್ತದೆ.

ಹಾಗಾದರೆ ಯಾವುದು?

ಹೊಲ, ಊರು, ಹತ್ತಿರದ ಸಂತೆ ಇಷ್ಟೇ ಓಡಾಟವಾದರೆ ನೂರು ಸಿಸಿ ಸಾಕು, ಹೆಚ್ಚಿಗೆ ರೊಕ್ಕ ಹಾಕಬೇಡಿ. ವಾರಕ್ಕೆರಡು ಸಲ ಡಬಲ್ ಸೀಟಿನಲ್ಲಿ ಲಾತೂರ, ಸೊಲ್ಲಾಪುರ, ಬೀದರ ಎಂದು ಹೋಗುವವರು 125 ಸಿಸಿ ನೋಡಿ. ಹತ್ತೂವರೆಯಿಂದ ಹನ್ನೆರಡು ಹಾರ್ಸ್‌ಪವರ್ ಇರುತ್ತದೆ, ಮುಂದೆ ಡಿಸ್ಕ್ ಬ್ರೇಕ್ ಸಿಗುತ್ತದೆ, ನಡುಕ ಕಡಿಮೆ. ಸ್ಪ್ಲೆಂಡರಿನಂಥದ್ದರಲ್ಲಿ ಕಲಿತವರಿಗೆ ಒಂದು ಎಚ್ಚರಿಕೆ: ಅದರಲ್ಲಿ ನಾಲ್ಕೂ ಗೇರ್ ಮುಂದಕ್ಕೆ ಒತ್ತುವುದು. ಪಲ್ಸರಿನಂಥ ಗಾಡಿಯಲ್ಲಿ ಮೊದಲನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಗೆಳೆಯರ ಗಾಡಿ ತೆಗೆದುಕೊಂಡು ನೇರ ಹೆದ್ದಾರಿಗೆ ಹೋಗದೆ ಖಾಲಿ ಮೈದಾನದಲ್ಲಿ ಕಾಲಿಗೆ ರೂಢಿ ಮಾಡಿಸಿ.

ಟೆಸ್ಟ್ ರೈಡ್‌ಗೆ ಶೋರೂಮಿನ ಮುಂದಿನ ಒಂದು ಸುತ್ತು ಸಾಲದು. ದಿನವೂ ಹಿಂದೆ ಕೂರುವವರನ್ನು ಕರೆದೊಯ್ಯಿರಿ, ಹೆಂಡತಿಯಾಗಲಿ ಅಪ್ಪನಾಗಲಿ. ಇಬ್ಬರೂ ಕೂತು ಒಂದು ಏರು ಹತ್ತಿಸಿ ನೋಡಿ, ಮೂರನೆಯ ಗೇರಿನಲ್ಲಿ ಎಳೆಯುತ್ತದೆಯೇ, ಎರಡಕ್ಕೆ ಇಳಿಸಬೇಕಾಯಿತೇ ಗಮನಿಸಿ. ಎರಡು ಸ್ಪೀಡ್ ಬ್ರೇಕರ್ ದಾಟಿಸಿ, ಶಾಕಪ್ ತಳ ಮುಟ್ಟಿತೇ ಎಂದು ಹಿಂದೆ ಕೂತವರನ್ನು ಕೇಳಿ. ಅವರ ಕಾಲು ಫುಟ್‌ರೆಸ್ಟಿಗೆ ಆರಾಮಾಗಿ ಸಿಗುತ್ತದೆಯೇ, ಹಿಡಿದುಕೊಳ್ಳಲು ಹಿಂದೆ ಗಟ್ಟಿ ಹಿಡಿಕೆ ಇದೆಯೇ ನೋಡಿ. ಅವರೂ ಸರಿ ಎಂದ ಮೇಲೆ ಬುಕ್ಕಿಂಗ್ ರೊಕ್ಕ ಕೊಡಿ.